ಮೂರು ಟಿಕಳಿಯ ಕೀಬೋರ್ಡ್

ಆ ಬೇಸಿಗೆಯಲ್ಲಿ ನನಗೆ ಒಂದು ಕಡೆ ಕೂತು ಕೆಲಸ ಮಾಡುವುದೇ ಆಗುತ್ತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಹೊರಗಿನ ಖೋಲಿಗೆ ಬರುತ್ತಿದ್ದೆ, ಎಂಬ್ರಾಯ್ಡರಿ ಮಷೀನಿನ ಮುಂದೆ ನಿಂತು ದಾರ ಹರಿದಿದೆಯೋ ಎಂದು ನೋಡುತ್ತಿದ್ದೆ, ಮತ್ತೆ ಒಳಗೆ ಓಡುತ್ತಿದ್ದೆ. ಅಷ್ಟರಲ್ಲಿ ಹಾಲು ಉಕ್ಕಿರುತ್ತಿತ್ತು. ಮನೆಯಲ್ಲಿ ಜಗಳವೇನೂ ಆಗಿರಲಿಲ್ಲ. ಯಾರೂ ಹಾಸಿಗೆ ಹಿಡಿದಿರಲಿಲ್ಲ. ಆದರೂ ಏನೋ ನಡೆದಿದೆ, ನನಗೊಬ್ಬಳಿಗೆ ಹೇಳುತ್ತಿಲ್ಲ ಅನಿಸುತ್ತಿತ್ತು. ಹಾಗೇಕೆ ಅನಿಸುತ್ತದೆ ಎಂದು ಯಾರಾದರೂ ಕೇಳಿದ್ದರೆ, ತೋರಿಸಲು ನನ್ನ ಹತ್ತಿರ ಸುಕ್ಕುಗಟ್ಟಿದ ಒಂದು ಬ್ಲೌಸಿನ ತೋಳು ಬಿಟ್ಟರೆ ಬೇರೇನೂ ಇರಲಿಲ್ಲ.

ನಮ್ಮ ಮನೆ ಅಕ್ಕಲಕೋಟದಲ್ಲಿ. ಹೊಲ ಹನ್ನೂರಿನಲ್ಲಿ. ನಮ್ಮ ಮನೆಯವರು ಬೆಳಿಗ್ಗೆ ಮೋಟಾರ್‌ಸೈಕಲ್ ಹತ್ತಿ ಹೊಲಕ್ಕೆ ಹೋದರೆ ಬರುವುದು ಹೊತ್ತು ಮುಳುಗುವ ಹೊತ್ತಿಗೆ. ಭಾವನವರು ಸೊಲ್ಲಾಪುರದಲ್ಲಿ ಶಾಲೆಯ ಯುನಿಫಾರ್ಮ್ ಹೊಲಿಯುವ ಒಂದು ಕಾರಖಾನೆಯಲ್ಲಿ ಕಟಿಂಗ್ ಮಾಸ್ತರರು. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಹಗಲು ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ, ನೆಗೆಣ್ಣಿ ಮತ್ತು ನಾನು. ನೆಗೆಣ್ಣಿ ಎಂದರೆ ಭಾವನವರ ಹೆಂಡತಿ. ನಾನು ಅವರನ್ನು ಅಕ್ಕಾ ಎಂದೇ ಕರೆಯುವುದು. ಅವರ ಮಗಳು ಶಾಲೆಯ ರಜೆಗೆಂದು ಅಮ್ಮನ ತವರಿಗೆ ಹೋಗಿದ್ದಳು.

ಅಕ್ಕನ ತವರು ವಾಗದರಿ. ಮಾತು ನಮ್ಮಂತೆ ಕನ್ನಡವೇ, ಆದರೆ ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. ನಾನು ಗಡಿಯಾಚೆ ಅಫಜಲಪುರದ ಕಡೆಯವಳು, ಕನ್ನಡ ಶಾಲೆಯವಳು. ಹೀಗಾಗಿ ನಾನು ಗಿಳಿ ಎಂದರೆ ಅವರು ಪೋಪಟ್ ಎನ್ನುತ್ತಿದ್ದರು. ಮಷೀನು ಅವರದೇ ಎಂದರೂ ತಪ್ಪಲ್ಲ. ನಾನು ಮದುವೆಯಾಗಿ ಬರುವ ಮುಂಚೆಯೇ ಅವರು ಸೊಲ್ಲಾಪುರದಲ್ಲಿ ಕ್ಲಾಸಿಗೆ ಹೋಗಿ ಕಲಿತು, ಹಟ ಹಿಡಿದು ಅದನ್ನು ಮನೆಗೆ ತರಿಸಿದ್ದರು. ಬ್ಲೌಸಿನ ಬೆನ್ನಿಗೆ, ತೋಳಿಗೆ ಗಿಳಿ, ನವಿಲು, ಬಳ್ಳಿ ಹಾಕಿಕೊಡುವ ಕೆಲಸ. ಮೊದಲು ಕಂಪ್ಯೂಟರಿನಲ್ಲಿ ಡಿಸೈನ್ ಬರೆಯಬೇಕು. ದಾರ ಎಲ್ಲಿ ಒತ್ತಾಗಿ ಬೀಳಬೇಕು, ಎಲ್ಲಿ ಸಡಿಲಾಗಿ ಎಂದು ಅದಕ್ಕೆ ಹೇಳಬೇಕು. ಆಮೇಲೆ ಪೆನ್‌ಡ್ರೈವಿಗೆ ಹಾಕಿ ಮಷೀನಿಗೆ ಕೊಡಬೇಕು. ನನಗೆ ಈ ಕೆಲಸ ಕಲಿಸಿದವರೂ ಅಕ್ಕನೇ. ಅವರು ಬರೆದ ಗಿಳಿಜೋಡಿ ಎಂದರೆ ಸೊಲ್ಲಾಪುರದ ಟೇಲರ್ ಬಾಯಿಯರು, ಎಂದರೆ ಹೊಲಿಗೆಯ ಹೆಂಗಸರು, ಹೆಸರು ಹೇಳಿ ಕೇಳುತ್ತಿದ್ದರು.

ದೀಪಾವಳಿಯ ನಂತರ ಕಂಪ್ಯೂಟರ್ ಕೆಟ್ಟಿತ್ತು. ರಿಪೇರಿಗೆ ಬಂದ ಮೆಕ್ಯಾನಿಕ್, ಡಿಸೈನ್ ಬರೆಯುವ ನಮ್ಮ ಸಾಫ್ಟ್‌ವೇರ್ ಹಳೆಯದಾಯಿತು, ಯಾವತ್ತಾದರೂ ನಿಂತುಹೋಗುತ್ತದೆ ಎಂದು ಹೇಳಿ, ಅದರ ಹೊಸ ಆವೃತ್ತಿಯನ್ನೂ ಹಾಕಿಕೊಟ್ಟ. ಹಳೆಯದು ಹಾಗೇ ಇರಲಿ ಎಂದು ಅಕ್ಕ ಅಂದಿದ್ದರಿಂದ ಅದನ್ನು ತೆಗೆಯಲಿಲ್ಲ. ಪರದೆಯ ಮೇಲೆ ಎರಡು ಚಿತ್ರ ಬಂದು ಕೂತವು. ಎರಡಕ್ಕೂ ಅದೇ ಸೂಜಿದಾರದ ಗುರುತು, ಕೆಳಗೆ ಅದೇ ಹೆಸರು. ಅಕ್ಕನಿಗೆ ತೊಡಕಾಗಬಾರದೆಂದು ಹೊಸದಕ್ಕೂ ಹಳೆಯದರ ರೂಪವನ್ನೇ ಕೊಟ್ಟು ಹೋಗಿದ್ದ ಆ ಪುಣ್ಯಾತ್ಮ. ತೆರೆದ ಮೇಲೂ ಯಾವುದು ಯಾವುದೆಂದು ತಿಳಿಯಬೇಕಾದರೆ ಮೇಲಿನ ಮೂಲೆಯಲ್ಲಿ ಸಣ್ಣದಾಗಿ ಬರೆದ ಅಂಕಿ ನೋಡಬೇಕು. ಕೆಲಸದ ಗಡಿಬಿಡಿಯಲ್ಲಿ ಅಲ್ಲಿಗೆ ಯಾರ ಕಣ್ಣು ಹೋಗುತ್ತದೆ?

ನಾನು ಹೊಸದರಲ್ಲಿ ಬರೆಯತೊಡಗಿದೆ. ಅಕ್ಕ ಹಳೆಯದರಲ್ಲೇ ಉಳಿದರು. ಚಳಿಗಾಲವೆಲ್ಲ ಹೀಗೇ ನಡೆಯಿತು, ತೊಂದರೆ ಇರಲಿಲ್ಲ.

ಲಗ್ನದ ದಿನಗಳು ಬಂದವು. ಸೊಲ್ಲಾಪುರದಿಂದ ಒಬ್ಬ ಮದುಮಗಳ ಬ್ಲೌಸು ಬಂದಿತ್ತು, ತಿಳಿಹಸಿರು ರೇಶ್ಮೆ. ತೋಳಿಗೆ ಗಿಳಿಜೋಡಿ ಬೇಕೆಂದಿದ್ದರು. ಅಕ್ಕ ಫೈಲು ತೆಗೆದರು, ಪೆನ್‌ಡ್ರೈವಿಗೆ ಹಾಕಿದರು, ಮಷೀನು ಚಾಲೂ ಮಾಡಿದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಮಷೀನಿನ ಸದ್ದು ಯಾವಾಗಿನಂತಿರಲಿಲ್ಲ. ನಡುನಡುವೆ ನಿಲ್ಲುತ್ತಿತ್ತು, ದಾರ ಹರಿಯುತ್ತಿತ್ತು. ಹೊರಗೆ ಬಂದು ನೋಡಿದರೆ ಗಿಳಿಯ ಕೊಕ್ಕಿನ ಹತ್ತಿರ ದಾರ ಗಂಟುಕಟ್ಟಿದಷ್ಟು ಒತ್ತಾಗಿ ಬಿದ್ದಿತ್ತು. ಸುತ್ತಲಿನ ರೇಶ್ಮೆ ಸುಕ್ಕುಗಟ್ಟಿ ಎಳೆದುಕೊಂಡಿತ್ತು.

ಅಕ್ಕ ಮಷೀನು ಬಂದ್ ಮಾಡಿದರು. ಬಟ್ಟೆಯನ್ನು ಫ್ರೇಮಿನಿಂದ ಬಿಡಿಸಿ ಬೆಳಕಿಗೆ ಹಿಡಿದರು.

"ನನ್ನ ಪೋಪಟ್ ಮುಟ್ಟೀದೇನ ನೀ?"

"ಇಲ್ರಿ ಅಕ್ಕಾ. ನಾ ಯಾಕ ಮುಟ್ಟಲಿ?"

"ನಿನ್ನ ಹೊಸಾದ್ರಾಗ ತೆಗೆದು ನೋಡೀದೇನ? ನೋಡಾಕಂತನ ತೆಗೆದಿರ್ಬೇಕು."

"ದೇವ್ರಾಣಿ ತೆಗೆದಿಲ್ರಿ."

"ಅಸೂ ದೇ," ಎಂದರು. ಇರಲಿ ಬಿಡು ಎಂದು. ಅಕ್ಕ ಮನಸ್ಸು ಕಹಿಯಾದಾಗ ಮರಾಠಿಗೆ ಹೋಗುತ್ತಾರೆ. ಅದು ನನಗೆ ಗೊತ್ತಿತ್ತು. ಅವತ್ತು ಊಟಕ್ಕೆ ಕೂತಾಗಲೂ ನನ್ನ ಕಡೆ ನೋಡಲಿಲ್ಲ. ಆ ಬಣ್ಣದ ರೇಶ್ಮೆ ಹುಡುಕಲು ಮರುದಿನ ನಾನೇ ಸೊಲ್ಲಾಪುರದ ಅಂಗಡಿಗಳನ್ನು ತಿರುಗಿದೆ. ಬ್ಲೌಸು ಕೊಟ್ಟ ಟೇಲರ್ ಬಾಯಿಗೆ ಕೈಮುಗಿದು, ತೋಳು ಬದಲಿಸಿಕೊಡುತ್ತೇವೆ ಎಂದು ಒಪ್ಪಿಸಿದೆ. ಎರಡನೆಯ ಸಲ ಅಕ್ಕ ಹಳೆಯ ಪೆನ್‌ಡ್ರೈವಿನಲ್ಲಿ ಉಳಿದಿದ್ದ ಗಿಳಿಯನ್ನು ಹಾಕಿದರು. ಅದು ಸರಿಯಾಗಿ ಬಂತು. ಹಾಗಾದರೆ ಕಂಪ್ಯೂಟರಿನಲ್ಲಿದ್ದ ಗಿಳಿಗೆ ಏನಾಯಿತು ಎಂಬುದು ಇಬ್ಬರಿಗೂ ತಿಳಿಯಲಿಲ್ಲ. ಸುಕ್ಕಾದ ತೋಳನ್ನು ನಾನು ಎಸೆಯಲಿಲ್ಲ. ಆಗಾಗ ತೆಗೆದು ಬೆರಳಾಡಿಸಿ ನೋಡುತ್ತಿದ್ದೆ.

ಅಲ್ಲಿಂದ ನನ್ನ ಚಡಪಡಿಕೆ ಶುರುವಾಯಿತು. ಬ್ಲೌಸು ಮುಟ್ಟಿಸಲು ನಾನು ವಾರದಲ್ಲಿ ಒಂದೆರಡು ಸಲ ಸೊಲ್ಲಾಪುರಕ್ಕೆ ಹೋಗಿ ಬರುತ್ತಿದ್ದೆ. ಮಧ್ಯಾಹ್ನ ಬಿಸಿಲಿನಲ್ಲಿ ಮನೆಗೆ ಬಂದರೆ ಮಷೀನು ತಣ್ಣಗಿರುತ್ತಿತ್ತು, ಕಂಪ್ಯೂಟರ್ ಮಾತ್ರ ಕಾದಿರುತ್ತಿತ್ತು. ನಾನು ಚಪ್ಪಲಿ ಬಿಡುವ ಸದ್ದಿಗೆ ಅಕ್ಕ ಪರದೆಯ ಮೇಲಿದ್ದುದನ್ನು ಮುಚ್ಚುತ್ತಿದ್ದರು. ಫೋನು ಬಂದರೆ ಮಾಳಿಗೆ ಮೇಲೆ ಹೋಗಿ ಮಾತಾಡುತ್ತಿದ್ದರು. ಭಾವನವರು ಬಸ್ಸಿಳಿದು ಬಂದ ಕೂಡಲೇ ಇಬ್ಬರೂ ಮೆಲ್ಲಗೆ ಏನೋ ಕೇಳಿ ಹೇಳಿ ಮಾಡುತ್ತಿದ್ದರು. ನಾನು ಚಹಾ ಹಿಡಿದು ಹೋದರೆ ಮಾತು ಬಿಸಿಲಿನ ಕಡೆಗೆ ತಿರುಗುತ್ತಿತ್ತು. ನನ್ನ ಬಗ್ಗೆಯೇ ಆಡುತ್ತಿದ್ದಾರೆ ಎಂದುಕೊಂಡೆ. ಗಿಳಿ ಕೆಡಿಸಿದವಳು ನಾನೇ ಎಂದು ಅವರು ತೀರ್ಮಾನಿಸಿರಬೇಕು. ನಮ್ಮ ಮನೆಯವರಿಗೆ ಹೇಳಿದರೆ, "ನಿನಗ ಬಿಸಲಾ ಹತ್ತೇದ, ಮಜ್ಜಿಗಿ ಕುಡಿ" ಎಂದರು.

ಗಿಳಿಯನ್ನು ನಾನು ಮುಟ್ಟಿಲ್ಲ ಎಂದು ಹೇಗಾದರೂ ತೋರಿಸಬೇಕಿತ್ತು. ಒಂದು ದಿನ ಸೊಲ್ಲಾಪುರದ ಕಂಪ್ಯೂಟರ್ ಅಂಗಡಿಯಲ್ಲಿ ದಾರಿ ಸಿಕ್ಕಿತು ಅನಿಸಿತು. ಹಳೆಯ ಕೀಬೋರ್ಡುಗಳ ರಾಶಿಯಲ್ಲಿ ಒಂದು ಕರಿಯ ಕೀಬೋರ್ಡ್ ಇತ್ತು. ಅಕ್ಷರಗಳ ಮೇಲ್ಗಡೆ ಅದಕ್ಕೆ ಹೆಚ್ಚಿನದೊಂದು ಸಾಲು ಬಟನ್. ಯಾವ ಬಟನ್ ಒತ್ತಿದರೆ ಯಾವ ಪ್ರೋಗ್ರಾಂ ತೆರೆಯಬೇಕು ಎಂದು ನಾವೇ ಹೇಳಿಕೊಡಬಹುದು ಎಂದ ಅಂಗಡಿಯವ. ಅಕ್ಕನದಕ್ಕೊಂದು ಬಟನ್, ನನ್ನದಕ್ಕೊಂದು. ಅವರದು ಅವರು ಒತ್ತುತ್ತಾರೆ, ನನ್ನದು ನಾನು. ಇನ್ನು ಅವರದನ್ನು ನಾನು ಮುಟ್ಟಿದೆ ಎನ್ನಲು ಬರುವುದಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಆ ದಿನ ಗುರುವಾರ, ನಮ್ಮೂರ ಸ್ವಾಮಿ ಮಹಾರಾಜರ ಗುಡಿಗೆ ದರ್ಶನಕ್ಕೆ ಬರುವವರ ನೂಕುನುಗ್ಗಲು. ಯಾರದೋ ಮೊಣಕೈ ತಗುಲಿ ಬಟನ್ ಕಿತ್ತೀತೆಂದು ದಾರಿಯುದ್ದಕ್ಕೂ ಕೈ ಅಡ್ಡ ಹಿಡಿದಿದ್ದೆ.

ಮರುದಿನ ಮುಂಜಾನೆ ಅತ್ತೆ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಅಕ್ಕ ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದರು. ನಾನು ಕೀಬೋರ್ಡ್ ಜೋಡಿಸಿ, ಗುರುತಿಗೆ ಹಣೆಗೆ ಹಚ್ಚುವ ಟಿಕಳಿಯ ಪಾಕೀಟು ತಂದೆ. ಅಕ್ಕನ ಬಟನ್ನಿಗೆ ಕೆಂಪು ಟಿಕಳಿ, ನನ್ನದಕ್ಕೆ ಹಸಿರು. ಆಮೇಲೆ ಕಂಪ್ಯೂಟರಿಗೆ ಹೇಳಿಕೊಡಲು ಕೂತೆ. ಅದು ಪ್ರೋಗ್ರಾಮುಗಳ ಒಂದು ಪಟ್ಟಿ ತೆಗೆದು, ಇದರಲ್ಲಿ ಯಾವುದು ಎಂದು ಕೇಳಿತು.

ಪಟ್ಟಿಯಲ್ಲಿ ನಮ್ಮ ಸಾಫ್ಟ್‌ವೇರಿನ ಹೆಸರು ಮೂರು ಸಲ ಇತ್ತು.

ಮೂರಕ್ಕೂ ಅದೇ ಸೂಜಿದಾರ, ಅದೇ ಹೆಸರು. ಕಣ್ಣು ಉಜ್ಜಿಕೊಂಡು ನೋಡಿದೆ. ಮೆಕ್ಯಾನಿಕ್ ಹಾಕಿದ್ದು ಒಂದು, ಮೊದಲಿದ್ದುದು ಒಂದು. ಈ ಮೂರನೆಯದು ಎಲ್ಲಿಂದ ಬಂತು? ಮೊದಲನೆಯದನ್ನು ಕೆಂಪು ಬಟನ್ನಿಗೆ ಹಚ್ಚಿ ಒತ್ತಿದೆ. ತೆರೆಯಿತು. ಮೂಲೆಯ ಅಂಕಿ ಹೊಸದರದು. ಹಾಗಾದರೆ ಇದು ನನ್ನದು ಎಂದು ಹಸಿರಿಗೆ ಬದಲಿಸಿದೆ. ಎರಡನೆಯದನ್ನು ಕೆಂಪಿಗೆ ಹಚ್ಚಿ ಒತ್ತಿದರೆ ಅದೂ ಹೊಸದರ ಅಂಕಿಯನ್ನೇ ತೋರಿಸಿತು. ಮುಖದ ಬೆವರು ಒರೆಸಿಕೊಂಡೆ. ಫ್ಯಾನು ತಿರುಗುತ್ತಲೇ ಇತ್ತು.

ಅಂಗಡಿಯವ ಒಂದು ಮಾತು ಹೇಳಿದ್ದ: ಹೆಸರು ಒಂದೇ ಇದ್ದರೆ ಹೆಸರು ನೋಡಬಾರದು, ಅದು ಕಂಪ್ಯೂಟರಿನಲ್ಲಿ ಎಲ್ಲಿ ಕೂತಿದೆ ಎಂದು ನೋಡಬೇಕು. ಮೌಸಿನ ಬಲಗಡೆ ಒತ್ತಿ ಒಂದೊಂದರ ಜಾಗ ತೆಗೆದು ನೋಡುತ್ತ ಹೋದೆ. ಮೂರೂ ಬೇರೆ ಬೇರೆ ಫೋಲ್ಡರಿನಲ್ಲಿದ್ದವು. ಪಟ್ಟಿಯ ಕೊನೆಯದು ಅಕ್ಕನ ಹಳೆಯದು. ಮೊದಲನೆಯದರಲ್ಲಿ ನನ್ನ ಡಿಸೈನುಗಳಿದ್ದವು, ಅದು ನನ್ನದು. ನಡುವಿನದು ನನ್ನದೂ ಅಲ್ಲ, ಹಳೆಯದೂ ಅಲ್ಲ. ಅದನ್ನು ಮತ್ತೊಮ್ಮೆ ತೆರೆಯಲು ಕೈ ಮುಂದೆ ಮಾಡಿದೆ.

"ಅದನ್ನ ಒತ್ತಬ್ಯಾಡ," ಎಂದರು ಅಕ್ಕ. ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಅದು ನಂದು."

"ನಿಮ್ಮದು ಹಳೇದಲ್ಲೇನ್ರಿ?"

"ಹಳೇದೂ ನಂದ. ಇದೂ ನಂದ." ಬುಟ್ಟಿ ಕೆಳಗಿಟ್ಟು, ಅಂಗಳದ ಕಡೆ ಒಮ್ಮೆ ನೋಡಿ, ಬಾಗಿಲು ಓರೆ ಮಾಡಿದರು. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. "ನನಗ ಕಲಿಸಿದ ಕ್ಲಾಸಿನ ಬಾಯಿ ದರ್ಶನಕ್ಕ ಬಂದಿದ್ಲು, ಆ ತೋಳು ಕೆಡೂಕಿಂತ ಮೊದಲ, ನೀ ಸೊಲ್ಲಾಪುರಕ್ಕ ಹೋದಾಗ. ಅಕಿ ಹಾಕಿಕೊಟ್ಟಾಳ. ಕಲಿಯಾಕ. ಕೆಲವು ದಿನಾ ಅಷ್ಟ ನಡೀತದಂತ, ಆಮ್ಯಾಲ ತಾನ ಬಂದ್ ಆಗ್ತದಂತ."

"ಹೊಸಾದು ಕಲಿಯೂದಿದ್ರ ನನ್ನದ್ರಾಗ ಕಲಿಬಹುದಿತ್ತಲ್ರಿ. ನಾ ಬ್ಯಾಡಂತಿದ್ದೆನು?"

"ನಿನ್ನ ಮುಂದ ಹೆಂಗ ಕಲಿಯಲಿ? ಯಾಕ ಅಂತ ಕೇಳ್ತಿದ್ದಿ."

"ಈಗೂ ಕೇಳಾಕತ್ತೀನಿ. ಯಾಕ?"

ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಒಂದೇ ಉಸಿರಿಗೆ ಹೇಳಿದರು. ಭಾವನವರ ಕಾರಖಾನೆಯ ಹತ್ತಿರವೇ ಯುನಿಫಾರ್ಮಿನ ಮೇಲೆ ಶಾಲೆಯ ಬಿಲ್ಲೆ ಹಾಕುವ ಎಂಬ್ರಾಯ್ಡರಿ ಘಟಕವಿದೆ. ಅಲ್ಲಿ ಡಿಸೈನ್ ಬರೆಯುವವರು ಬೇಕಾಗಿದ್ದಾರೆ. ಹೊಸ ಆವೃತ್ತಿಯಲ್ಲಿ ಬರೆಯಲು ಬರಬೇಕು ಎಂಬುದೊಂದೇ ಕರಾರು. ಮಗಳನ್ನು ಜೂನಿನಿಂದ ಸೊಲ್ಲಾಪುರದ ಶಾಲೆಗೆ ಹಾಕುವುದು, ಅಲ್ಲೇ ಖೋಲಿ ಹಿಡಿಯುವುದು.

"ಬ್ಯಾರೆ ಹೋಗ್ತೀರೇನ್ರಿ?" ಎಂದೆ.

"ಬ್ಯಾರೆ ಅಂತ ಅನಬ್ಯಾಡ. ಸೊಲ್ಲಾಪುರಕ್ಕ ಹೋಗ್ತೀವಿ, ಅಷ್ಟ." ಆಮೇಲೆ, "ಅತ್ತಿಯವ್ರಿಗಿ ಇನ್ನಾ ಗೊತ್ತಿಲ್ಲ," ಎಂದರು.

ನಾನು ಪರದೆಯ ಕಡೆ ತಿರುಗಿದೆ. ಕೈ ಸುಮ್ಮನಿರಲಿಲ್ಲ, ಪರದೆಯ ಮೇಲಿದ್ದ ಗಿಳಿಯ ಫೈಲನ್ನು ಒತ್ತಿಬಿಟ್ಟೆ. ಅದು ತೆರೆದುಕೊಂಡಿತು. ಮೂಲೆಯ ಅಂಕಿ ನೋಡಿದೆ. ಕೆಳಗೆ, ಇನ್ನು ಇಷ್ಟು ದಿನ ಉಳಿದಿದೆ ಎಂಬ ಸಾಲು ಕಂಡಿತು. ಗಿಳಿ ತೆರೆದದ್ದು ಹಳೆಯದರಲ್ಲೂ ಅಲ್ಲ, ನನ್ನ ಹೊಸದರಲ್ಲೂ ಅಲ್ಲ. ಮೂರನೆಯದರಲ್ಲಿ.

"ಅಕ್ಕಾ, ನೀವು ಪೋಪಟ್ ಹೆಂಗ ತೆಗೀತೀರಿ? ಮೊದಲ ಸಾಫ್ಟ್‌ವೇರ್ ತೆಗೆದು ಆಮ್ಯಾಲೇನು, ಇಲ್ಲಾ ಸೀದಾ ಫೈಲ್ ಮ್ಯಾಲೆ ಒತ್ತತೀರೋ?"

"ಸೀದಾ ಒತ್ತತೀನಿ. ಯಾವಾಗಲೂ ಹಂಗ."

ಮೆಕ್ಯಾನಿಕ್ ಅಕ್ಕನ ಫೈಲುಗಳನ್ನು ಹಳೆಯದಕ್ಕೇ ಬಿಟ್ಟಿದ್ದ; ಕಡೆಗೆ ಬಂದು ಸೇರಿದ ಈ ಮೂರನೆಯದು ಎಲ್ಲವನ್ನೂ ತನ್ನ ಕಡೆಗೆ ಎಳೆದುಕೊಂಡಿತ್ತು. ಸೀದಾ ಫೈಲು ಒತ್ತಿದರೆ ಅದೇ ತೆರೆಯುತ್ತಿತ್ತು. ತೆರೆದು, ಅಕ್ಕ ಇಟ್ಟ ಲೆಕ್ಕ ಬಿಟ್ಟು ತನ್ನದೇ ಲೆಕ್ಕದಲ್ಲಿ ದಾರವನ್ನು ಒತ್ತಾಗಿ ತುಂಬುತ್ತಿತ್ತು. ನೋಡಲು ಗಿಳಿ ಅದೇ ಗಿಳಿ. ಸೂಜಿ ಬಟ್ಟೆಗೆ ಇಳಿದಾಗಲೇ ಬೇರೆ. ಇದನ್ನು ಅಕ್ಕನಿಗೆ ತಿಳಿಯುವಂತೆ ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಹಳೆಯದನ್ನೂ ಇದನ್ನೂ ಪಕ್ಕಪಕ್ಕಕ್ಕೆ ತೆಗೆದು ಕೊಕ್ಕನ್ನು ದೊಡ್ಡದು ಮಾಡಿ ತೋರಿಸಿದೆ. ಅಕ್ಕ ಪರದೆಗೆ ಮುಖ ಹತ್ತಿರ ತಂದು ನೋಡಿದರು. ಗೆರೆಯೊಂದಕ್ಕೆ ಬೆರಳಿಟ್ಟರು. ಅವರ ಕಿವಿ ಕೆಂಪಗಾಯಿತು.

"ಅಂದ್ರ ನಾನ ಕೆಡಿಸೀನಿ," ಎಂದರು.

"ನೀವೂ ಅಲ್ರಿ. ಅದಕ್ಕ ಯಾರಿಗೂ ಗೊತ್ತಾಗಿಲ್ಲ."

"ನಿನಗ ಎಷ್ಟ ಅಂದೆ ನಾ."

ನನ್ನ ಕಣ್ಣಲ್ಲಿ ನೀರು ಬಂತು. ಗಿಳಿಯ ಸಲುವಾಗಿಯೋ, ಅವರು ಹೋಗುವರೆಂದೋ, ನನಗೇ ತಿಳಿಯಲಿಲ್ಲ. ಅವರು ಸೆರಗಿನಿಂದ ನನ್ನ ಮುಖ ಒರೆಸಿ, "ಹೂಂ, ಅದಕ್ಕೂ ಒಂದು ಟಿಕಳಿ ಹಚ್ಚು. ನಾ ಹೋಗೂತನಕ ಬೇಕಲ್ಲ," ಎಂದರು. ಮೂರನೆಯ ಬಟನ್ನಿಗೆ ಕರಿಯ ಟಿಕಳಿ ಹಚ್ಚಿದೆವು. ಸೀದಾ ಫೈಲು ಒತ್ತುವುದಿಲ್ಲ, ಮೊದಲು ಬಟನ್ ಎಂದು ಇಬ್ಬರೂ ಮಾತು ಮಾಡಿಕೊಂಡೆವು.

ಗೊತ್ತಿಲ್ಲದ್ದು ಗೊತ್ತಾದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಈಗ ಅತ್ತೆಯ ಮುಖ ನೋಡುವುದೇ ಕಷ್ಟವಾಯಿತು. ಅವರು ಹೊರಗಿನ ಖೋಲಿಗೆ ಬಂದು ಕೂತರೆ ನನಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ಒಂದು ದಿನ ಕೀಬೋರ್ಡಿನ ಮೇಲೆ ಕೈಯಾಡಿಸುತ್ತ ಕೇಳಿದರು, "ಕೆಂಪಂದು ಅಕಿದು, ಹಸರಂದು ನಿಂದು. ಈ ಕರೇದು ಯಾರದು?"

"ಕಲಿಯಾಕ ಇಟ್ಟದ್ದ್ರಿ ಅತ್ತಿ."

"ಯಾರು ಕಲಿಯಾವ್ರು?"

"ಇಬ್ರೂನೂ ರಿ," ಎಂದು ಒಳಗೆ ಎದ್ದು ಹೋದೆ. ಅತ್ತೆ ಮತ್ತೆ ಕೇಳಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಅಮಾವಾಸ್ಯೆಯ ಮರುದಿನ ಭಾವನವರು ಹೇಳಿದರು. ಎಲ್ಲರೂ ಊಟಕ್ಕೆ ಕೂತಿದ್ದೆವು, ನಮ್ಮ ಮನೆಯವರೂ ಹೊಲದಿಂದ ಬೇಗ ಬಂದಿದ್ದರು. ಅತ್ತೆ ಕೂಗಾಡುತ್ತಾರೆ, ತಾಟು ಸರಿಸಿ ಏಳುತ್ತಾರೆ ಎಂದುಕೊಂಡು ನಾನು ಅನ್ನದ ಬೋಗುಣಿ ಬಿಗಿಯಾಗಿ ಹಿಡಿದು ನಿಂತಿದ್ದೆ. ಅತ್ತೆ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ, ಅಗಿದು, ನುಂಗಿ, ಆಮೇಲೆ ಅಕ್ಕನ ಕಡೆ ತಿರುಗಿದರು.

"ನೀ ಹೋದ್ರ ಜಂಪರಕ್ಕ ಹಕ್ಕಿ ಹಾಕಾವ್ರು ಯಾರು?"

ಅಕ್ಕ ನನ್ನನ್ನು ತೋರಿಸಿದರು.

"ಅಕಿಗಿ ಬರ್ತದೇನು?"

"ಬರ್ತದ್ರಿ," ಎಂದರು ಅಕ್ಕ.

ನನ್ನನ್ನು ಯಾರೂ ಕೇಳಲಿಲ್ಲ. ಮಾತು ಅಲ್ಲಿಗೇ ಮುಗಿಯಿತು. ಅತ್ತೆ ಮಾತ್ರ ಮುಂದೆ ಎಷ್ಟೋ ದಿನ ಅಕ್ಕನನ್ನು ಸೀದಾ ಮಾತಾಡಿಸಲಿಲ್ಲ. ಏನಿದ್ದರೂ ನನ್ನ ಮೂಲಕ ಹೇಳಿಸುತ್ತಿದ್ದರು. ಹೊರಡುವ ದಿನ ಜೋಳದ ಹಿಟ್ಟು, ಶೇಂಗಾ ಚಟ್ನಿ, ಉಪ್ಪಿನಕಾಯಿಯ ಭರಣಿ ಎಲ್ಲ ಕಟ್ಟಿಟ್ಟು, "ಒಯ್ಯಂತ ಹೇಳು ಅಕಿಗಿ," ಎಂದು ನನಗೆ ಹೇಳಿದರು. ಅಕ್ಕ ಎದುರಿಗೇ ನಿಂತಿದ್ದರು. ಬಗ್ಗಿ ಕಾಲು ಮುಟ್ಟಿದಾಗ ಅತ್ತೆ ಅವರ ತಲೆಯ ಮೇಲಿಟ್ಟ ಕೈಯನ್ನು ಬೇಗ ತೆಗೆಯಲಿಲ್ಲ.

ಅಕ್ಕ ಹೋದ ಮೇಲೆ ಮಷೀನಿನ ಸದ್ದು ಒಂದೇ ಉಳಿಯಿತು. ಅದು ನಡೆದರೆ ನಿಂತೀತೆಂಬ ಹೆದರಿಕೆ, ನಿಂತರೆ ಏಕೆ ನಿಂತಿತೆಂಬ ಹೆದರಿಕೆ. ಅಕ್ಕನ ಡಿಸೈನಿಗೆ ಕೆಂಪು ಬಟನ್ ಒತ್ತುತ್ತಿದ್ದೆ, ನನ್ನದಕ್ಕೆ ಹಸಿರು. ಮೂರನೆಯದರ ದಿನಗಳು ತೀರಿದ್ದವು; ಕರಿಯ ಬಟನ್ ಒತ್ತಿದರೆ ಅವಧಿ ಮುಗಿದಿದೆ ಎಂಬ ಸಾಲು ಮಾತ್ರ ಬರುತ್ತಿತ್ತು. ಮರೆತು ಸೀದಾ ಫೈಲು ಒತ್ತಿದರೂ ಅದೇ ಸಾಲು. ಪ್ರತಿ ಸಲ ಅದನ್ನು ಮುಚ್ಚುವುದು ಬೇಸರವಾಗಿ, ಇನ್ನು ಯಾರಿಗೂ ಬೇಡವಾದದ್ದನ್ನು ಯಾಕೆ ಇಟ್ಟುಕೊಳ್ಳಬೇಕೆಂದು ತೆಗೆದುಹಾಕಲು ಕೂತೆ. ಅಲ್ಲಿಯೂ ಒಂದೇ ಹೆಸರಿನ ಮೂರು ಸಾಲು. ಒಂದೊಂದರ ಜಾಗ ನೋಡಿ, ಮತ್ತೆ ನೋಡಿ, ಸರಿಯಾದುದನ್ನೇ ತೆಗೆದೆ. ಆಮೇಲೆ ಹಸಿರು ಒತ್ತಿದೆ, ತೆರೆಯಿತು. ಕೆಂಪು ಒತ್ತಿದೆ. ಪರದೆ ಒಮ್ಮೆ ಮಿಣುಕಿ ಸುಮ್ಮನಾಯಿತು. ಮತ್ತೆ ಒತ್ತಿದೆ. ಏನೋ ಒಂದು ಫೈಲು ಇಲ್ಲ ಎಂದಿತು.

ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, "ಅವು ಮೂರಕ್ಕೂ ಕೂಡಿ ಕೆಲವು ಫೈಲ್ ಇರ್ತಾವ್ರಿ ವೈನಿ. ಒಂದು ತೆಗದ್ರ ಇನ್ನೊಂದರದೂ ಹೋಗ್ತಾವ. ತೆಗೆಯೂ ಮೊದಲ ಕೇಳಬೇಕಿತ್ತು," ಎಂದ. ಹಳೆಯದನ್ನು ಮತ್ತೆ ಹಾಕಲು ಅದರ ಸಿಡಿ ಬೇಕಂತೆ. ಸಿಡಿ ಯಾವ ಕಾಲಕ್ಕೋ ಕಳೆದಿತ್ತು. ಕಪಾಟು, ಟ್ರಂಕು, ಮಾಳಿಗೆಯ ಮೇಲಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಹುಡುಕಿದೆ. ಅತ್ತೆ ಏನಾಯಿತೆಂದು ಕೇಳಿದರು; ಹೇಳಿದೆ. "ಹಕ್ಕಿ ಹೋದ್ವೇನು ಎಲ್ಲಾ?" ಎಂದರು.  ಹಕ್ಕಿಗಳು ಹೋಗಿರಲಿಲ್ಲ, ಫೈಲುಗಳೆಲ್ಲ ಇದ್ದವು. ಆದರೆ ಅಕ್ಕನ ಲೆಕ್ಕದಲ್ಲಿ ಅವನ್ನು ತೆರೆಯುವ ಬಾಗಿಲು ಹೋಗಿತ್ತು. ಹಳೆಯ ಪೆನ್‌ಡ್ರೈವಿನಲ್ಲಿ ಗಿಳಿ ಇತ್ತು ನಿಜ, ಆದರೆ ಈಗ ಬಂದ ಬ್ಲೌಸಿಗೆ ಅದೇ ಗಿಳಿ ಸಣ್ಣದು ಬೇಕಿತ್ತು. ಪೆನ್‌ಡ್ರೈವಿನದನ್ನು ಕುಗ್ಗಿಸಿದರೆ ದಾರ ಒಂದರ ಮೇಲೊಂದು ಬೀಳುತ್ತದೆ. ಲಗ್ನ ಹತ್ತಿರವಿತ್ತು.

ಮರುದಿನ ಮೊದಲ ಬಸ್ಸು ಹಿಡಿದೆ. ಅಕ್ಕನ ಘಟಕ ಒಂದು ದೊಡ್ಡ ತಗಡಿನ ಶೆಡ್ಡು. ಉದ್ದಕ್ಕೆ ಸಾಲು ಸೂಜಿಗಳ ಮಷೀನು, ಪ್ರತಿಯೊಂದು ಸೂಜಿಯ ಕೆಳಗೂ ಅದೇ ಶಾಲೆಯ ಬಿಲ್ಲೆ. ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಗಾಜಿನ ಖೋಲಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಅಕ್ಕ ನನ್ನನ್ನು ಕಂಡು ಗಾಬರಿಯಾಗಿ ಎದ್ದು ಬಂದರು.

"ಕಾಯ್ ಝಾಲಂ? ಏನಾತು? ಅತ್ತಿ ಅರಾಮ ಅದಾರಲ್ಲ?"

"ಅತ್ತಿ ಅರಾಮ ಅದಾರ್ರಿ. ಕೆಂಪು ಬಟನ್ ನಡೀವಲ್ದು," ಎಂದು ಹೇಳುವಷ್ಟರಲ್ಲಿ ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಊಟದ ಬಿಡುವಿನಲ್ಲಿ ಅಲ್ಲಿನ ಮೇಲ್ವಿಚಾರಕರನ್ನು ಕೇಳಿ ಅಕ್ಕ ನನ್ನ ಪೆನ್‌ಡ್ರೈವ್ ಹಾಕಿಕೊಂಡರು. ಅಲ್ಲಿದ್ದುದು ನನ್ನದೇ ಆವೃತ್ತಿ. ಗಿಳಿ ತೆರೆಯಿತು, ಅದೇ ಒತ್ತಾದ ಕೊಕ್ಕು. ಅಕ್ಕ ಡಬ್ಬಿ ಬಿಚ್ಚಿ ಒಂದು ಕೈಯಿಂದ ರೊಟ್ಟಿ ತಿನ್ನುತ್ತ, ಇನ್ನೊಂದು ಕೈಯಿಂದ ಮೌಸ್ ಹಿಡಿದು ಕೊಕ್ಕು, ಕಣ್ಣು, ಕೊರಳಿನ ಪಟ್ಟಿ ಎಂದು ಒಂದೊಂದನ್ನೇ ಸಡಿಲಿಸುತ್ತ ಹೋದರು. ಮಷೀನುಗಳು ನಿಂತಿದ್ದರಿಂದ ಶೆಡ್ಡಿನಲ್ಲಿ ಹೆಂಗಸರು ಉಣ್ಣುವ ಸದ್ದು, ಮಾತು.

"ನೋಡು, ರೆಕ್ಕಿ ಹಂಗ ಇರಲಿ. ಕೊಕ್ಕಿಗಷ್ಟ ಕಡಿಮಿ ಮಾಡು. ಅಡಿಯಾಗ ಮೊದಲ ಬೀಳೂ ದಾರದ ಹಾಸು ತೆಗೆದುಬಿಡು, ರೇಶ್ಮಿಗಿ ಬ್ಯಾಡ."

"ಎಷ್ಟು ಕಡಿಮಿ ಮಾಡಬೇಕ್ರಿ?"

"ಬಟ್ಟಿ ನೋಡಿ ಮಾಡ್ಬೇಕು. ನಾ ಇಲ್ಲೆ ಕುಂತು ಹೆಂಗ ಹೇಳಲಿ?"

ಉಳಿದ ಗಿಳಿಯನ್ನು ನನ್ನಿಂದ ಮಾಡಿಸಿದರು. ನಾನು ತಪ್ಪಿದಾಗ ಡಬ್ಬಿಯ ಅಂಚಿಗೆ ಬೆರಳು ಬಡಿಯುತ್ತಿದ್ದರು. ಮುಗಿಯುವಷ್ಟರಲ್ಲಿ ಬಿಡುವೂ ಮುಗಿಯುತ್ತ ಬಂದಿತ್ತು.

"ಇಲ್ಲೆ ಹೆಂಗದ ಅಕ್ಕಾ?" ಎಂದು ಕೇಳಿದೆ.

"ದಿನಾ ಬಿಲ್ಲೆ. ಹೂವಿಲ್ಲ, ಹಕ್ಕಿಲ್ಲ." ಕೈ ತೊಳೆದು ಬಂದು ನನ್ನ ಹತ್ತಿರ ನಿಂತರು. "ಖರೆ ಸಂಜಿಕ ಮನಿ ಬಾಗ್ಲಾ ಹಾಕ್ಕೊಂಡು ಕುಂತ್ರ ಯಾರೂ ಕೂಗಂಗಿಲ್ಲ. ಮೊದಮೊದಲ ಅದೂ ತ್ರಾಸ ಆತು. ಈಗ ಚಲೋ ಅನಸ್ತದ."

ಹೋಗಬಾರದಿತ್ತು ಎಂದು ಅವರು ಹೇಳಲಿ ಎಂದು ನಾನು ಕಾಯುತ್ತಿದ್ದೆ. ಅವರು ಹೇಳಲಿಲ್ಲ. ಮಷೀನುಗಳು ಮತ್ತೆ ಚಾಲೂ ಆದವು. ಗೇಟಿನ ತನಕ ಬಂದು ಬಸ್ ಸ್ಟ್ಯಾಂಡಿಗೆ ಹೋಗುವ ರಿಕ್ಷಾ ಹತ್ತಿಸಿದರು.

ಮನೆಗೆ ಬಂದು ಬಿಳಿ ಚಿಂದಿಯ ಮೇಲೆ ಗಿಳಿ ಹಾಕಿ ನೋಡಿದೆ. ಕೊಕ್ಕು ಸಡಿಲಾಯಿತು, ಕೆಳಗಿನ ಬಟ್ಟೆ ಇಣುಕಿತು. ತುಸು ಹೆಚ್ಚಿಸಿದೆ, ಮತ್ತೆ ಹಾಕಿದೆ. ಚಿಂದಿಯೆಲ್ಲ ಕೊಕ್ಕುಗಳಾದವು. ಅತ್ತೆ ಶೇಂಗಾ ಬಿಟ್ಟು ಎದ್ದು ಬಂದು ಪಕ್ಕದಲ್ಲಿ ನಿಂತರು. ಅವರಿಗೆ ಕಂಪ್ಯೂಟರಿನದು ಏನೂ ತಿಳಿಯದು, ಆದರೆ ಬಟ್ಟೆ ಬೆರಳಿಗೆ ತಿಳಿಯುತ್ತದೆ. ಒಂದನ್ನು ಮುಟ್ಟಿ, "ಇದು ಮೆತ್ತಗದ ನೋಡು," ಎಂದರು. ಅದನ್ನೇ ರೇಶ್ಮೆಯ ಮೇಲೆ ಹಾಕಿದೆ. ಮಷೀನು ನಡೆದಷ್ಟು ಹೊತ್ತೂ ಕೂರದೆ ನಿಂತೇ ಇದ್ದೆ. ದಾರ ಹರಿಯಲಿಲ್ಲ. ಬ್ಲೌಸು ಹೊತ್ತಿಗೆ ಸರಿಯಾಗಿ ಮುಟ್ಟಿತು.

ಅಕ್ಕನ ಉಳಿದ ಡಿಸೈನುಗಳನ್ನೂ ಹೀಗೆಯೇ ಒಂದೊಂದಾಗಿ ಹೊಸದಕ್ಕೆ ತರಬೇಕಿತ್ತು. ರಜೆ ಸಿಕ್ಕ ರವಿವಾರ ಅಕ್ಕ ಮಗಳನ್ನು ಕರೆದುಕೊಂಡು ಬರುತ್ತಿದ್ದರು. ಅತ್ತೆ ಮೊದಲ ಸಲ ಚಹಾ ಮಾತ್ರ ಕೊಟ್ಟರು, ಎರಡನೆಯ ಸಲ ಅವರೇ ಮಾತಾಡಿಸಿದರು. ನಾವಿಬ್ಬರೂ ಹೊರಗಿನ ಖೋಲಿಯಲ್ಲಿ ಕೂತು ನವಿಲು, ಕಮಲ, ಮಾವಿನ ಬಳ್ಳಿ ತೆಗೆಯುತ್ತಿದ್ದೆವು. ಒಂದು ರವಿವಾರ ಅಕ್ಕ ತಾವು ಮೊಟ್ಟಮೊದಲು ಬರೆದ ಗುಲಾಬಿಯನ್ನು ತೆರೆದು, ಸ್ವಲ್ಪ ಹೊತ್ತು ನೋಡಿ, "ಇದನ್ನ ತೆಗೆದು ಹಾಕು," ಎಂದರು.

"ಯಾಕ್ರಿ? ಇರಲಿ ಬಿಡ್ರಿ."

"ಈಗ ಯಾರು ಹಾಕ್ಕೋತಾರ ಇದನ್ನ? ಎಸಳು ನೋಡು, ಗೋಬಿ ಆಗೇದ."

ನನಗೆ ತೆಗೆಯಲು ಕೈ ಬರಲಿಲ್ಲ. ಅವರೇ ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಅದನ್ನು ಅಳಿಸಿದರು. "ಮುಂದಿಂದು ತೆಗಿ, ಬಸ್ಸಿಗೆ ಹೊತ್ತಾಗ್ತದ," ಎಂದರು. ನಾನು ಮುಂದಿನದನ್ನು ತೆರೆದೆ. ಒಳಗಿನಿಂದ ಅತ್ತೆ ಊಟಕ್ಕೆ ಕರೆಯುತ್ತಿದ್ದರು. ಇಬ್ಬರೂ ಬಂದೆವೆಂದು ಕೂಗಿ, ಏಳದೆ ಹಾಗೇ ಕೂತೆವು.